ತೊಡೆಮೂಳೆ ಮುರಿದಿದೆ ಎಂದಷ್ಟೇ ಬರೆದರೆ ಸಾಲದು

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯ ಪ್ರಧಾನ ಕಾರ್ಯದರ್ಶಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ನಮ್ಮ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ನಾಲ್ಕು ವರ್ಷದ ಹಿಂದೆ ಸಂತೆ ಮುಗಿಸಿ ಮಗನ ಬೈಕಿನಲ್ಲಿ ಹಿಂದೆ ಕೂತು ಬರುವಾಗ ಬಿದ್ದು, ಬೇರೊಂದು ಜಿಲ್ಲೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದವರು. ಈಗ ಮೊಣಕಾಲಿನ ಹೊರಬದಿಯಲ್ಲಿ ಸ್ಕ್ರೂವಿನ ತಲೆ ಚರ್ಮದಡಿಯಲ್ಲೇ ಕೈಗೆ ಸಿಗುತ್ತಿತ್ತು. ರಾತ್ರಿ ಮಗ್ಗುಲು ಬದಲಿಸಿದರೆ ಜೀವ ಹೋದಷ್ಟು ನೋವು ಎಂದರು. ಪ್ಲಾಸ್ಟಿಕ್ ಚೀಲದಿಂದ ಹಳೆಯ ಬಿಡುಗಡೆ ಚೀಟಿಯನ್ನು ತೆಗೆದುಕೊಟ್ಟರು. ನಾಲ್ಕು ಮಡಿಕೆ ಮಾಡಿದ ಕಾಗದ. ಮಡಿಕೆಯ ಗೆರೆಯಲ್ಲಿ ಹರಿದ ಕಡೆ ಆಸ್ಪತ್ರೆಯ ಬಿಳಿ ಟೇಪನ್ನೇ ಅಂಟಿಸಿ ಉಳಿಸಿಕೊಂಡಿದ್ದರು. ರೋಗದ ಹೆಸರಿನ ಮುಂದೆ ‘ಬಲ ತೊಡೆಮೂಳೆ ಮುರಿತ’ ಎಂದಿತ್ತು. ಚಿಕಿತ್ಸೆಯ ಮುಂದೆ ‘ಪ್ಲೇಟು ಹಾಕಲಾಗಿದೆ’ ಎಂದಿತ್ತು. ಕೆಳಗೆ ಸಹಿ, ಮೊಹರು.

ಅಷ್ಟು ಜೋಪಾನ ಮಾಡಿದ ಕಾಗದದಿಂದ ನನಗೆ ಸಿಕ್ಕಿದ್ದು ಏನೂ ಇಲ್ಲ. ಮುರಿತ ತೊಡೆಮೂಳೆಯ ಯಾವ ಭಾಗದಲ್ಲಿತ್ತು, ಮೊಣಕಾಲಿನ ಕೀಲಿನೊಳಕ್ಕೆ ಬಿರುಕು ಇಳಿದಿತ್ತೇ, ಎಷ್ಟು ಚೂರಾಗಿತ್ತು, ಚರ್ಮ ಹರಿದು ಮೂಳೆ ಹೊರಗೆ ಬಂದಿತ್ತೇ, ಹಾಕಿದ ಪ್ಲೇಟು ಯಾವ ಬಗೆಯದು? ಒಂದಕ್ಕೂ ಉತ್ತರವಿರಲಿಲ್ಲ. 4.5 ಮಿಲಿಮೀಟರಿನ ಸಾಮಾನ್ಯ ಸ್ಕ್ರೂ ಬಿಚ್ಚಲು 3.5ರ ಷಟ್ಕೋನ ತುದಿಯ ಸ್ಕ್ರೂಡ್ರೈವರ್ ಬೇಕು. 3.5ರ ಸ್ಕ್ರೂವಿಗೆ 2.5ರ ತುದಿ ಬೇಕು. ಪ್ಲೇಟಿಗೇ ಕಚ್ಚಿಕೊಳ್ಳುವ ಲಾಕಿಂಗ್ ಸ್ಕ್ರೂಗಳಲ್ಲಿ ಕೆಲವಕ್ಕೆ ನಕ್ಷತ್ರದ ಆಕಾರದ ತುದಿ. ಎಕ್ಸ್‌ರೇಯಲ್ಲಿ ಸ್ಕ್ರೂ ಕಾಣುತ್ತದೆ, ಅದರ ತಲೆಯ ಕುಳಿ ಕಾಣುವುದಿಲ್ಲ. ಮೂರು ಕಡೆಯಿಂದ ಸಲಕರಣೆ ಎರವಲು ತಂದು ಶಸ್ತ್ರಚಿಕಿತ್ಸೆಗೆ ಇಳಿದೆ. ಒಂದು ಸ್ಕ್ರೂವಿನ ತಲೆ ಸವೆದು ಹೋಯಿತು. ಮುಕ್ಕಾಲು ಗಂಟೆಯ ಕೆಲಸ ಎರಡೂವರೆ ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಆ ತಾಯಿ ಬೆನ್ನಿಗೆ ಕೊಟ್ಟ ಅರಿವಳಿಕೆಯಲ್ಲಿ ಎಚ್ಚರವಾಗಿಯೇ ಮಲಗಿದ್ದು, ‘ಇನ್ನೂ ಎಷ್ಟು ಹೊತ್ತು ಡಾಕ್ಟರೇ?’ ಎಂದು ನಾಲ್ಕು ಸಲ ಕೇಳಿದರು.

ಕಾಗದವನ್ನು ಅವರು ಕಾಪಾಡಿದ್ದರು. ಅದರಲ್ಲಿ ಬರೆಯಬೇಕಾದುದನ್ನು ಬರೆಯದೆ ಬಿಟ್ಟವರು ನಾವು, ವೈದ್ಯರು. ಇಪ್ಪತ್ತೆರಡು ವರ್ಷಗಳಿಂದ ಮೂಳೆ ವೈದ್ಯನಾಗಿ ನಾನೂ ಇಂಥ ಚೀಟಿಗಳಿಗೆ ಸಹಿ ಹಾಕಿದ್ದೇನೆ. ಆ ನಾಚಿಕೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಕೋರಿಕೆ ಒಂದೇ: ಸರ್ಕಾರಿ ಆಸ್ಪತ್ರೆಗಳ ಗಣಕದಲ್ಲಿ ಮೂಳೆ ಮುರಿತಕ್ಕೆಂದೇ ಒಂದು ಪುಟ ಬೇಕು. ಮುರಿತಕ್ಕೆ ಮೊದಲ ದಿನವೇ ಸರಿಯಾದ ಹೆಸರು ಸಿಗಬೇಕು, ಆ ಹೆಸರು ರೋಗಿ ಹೋದಲ್ಲೆಲ್ಲ ಹೋಗಬೇಕು.

ಹೆಸರಿಗೆ ಇಷ್ಟು ಪಟ್ಟು ಹಿಡಿಯುವುದೇಕೆ ಎಂಬುದನ್ನು ಆ ತಾಯಿಯ ಮೊಣಕಾಲಿನಿಂದಲೇ ಹೇಳುತ್ತೇನೆ. ಜಗತ್ತಿನ ಮೂಳೆ ವೈದ್ಯರು ಹೆಚ್ಚಾಗಿ ಬಳಸುವ ವರ್ಗೀಕರಣದಲ್ಲಿ ಪ್ರತಿ ಉದ್ದ ಮೂಳೆಗೂ ಒಂದು ಅಂಕಿ ಇದೆ: ತೋಳಿನ ಮೂಳೆಗೆ 1, ಮುಂಗೈಗೆ 2, ತೊಡೆಗೆ 3, ಕಣಕಾಲಿಗೆ 4. ಎರಡನೆಯ ಅಂಕಿ ಜಾಗವನ್ನು ಹೇಳುತ್ತದೆ: ಮೇಲ್ತುದಿ 1, ನಡುಭಾಗ 2, ಕೆಳತುದಿ 3. ಆಮೇಲೆ ಒಂದು ಅಕ್ಷರ. ಮೂಳೆಯ ತುದಿಯಲ್ಲಿ ಮುರಿತವಾದಾಗ ಎ ಎಂದರೆ ಕೀಲಿನ ಮೇಲ್ಮೈ ಉಳಿದಿದೆ, ಬಿ ಎಂದರೆ ಕೀಲಿನ ಒಂದು ಪಾಲು ಬೇರ್ಪಟ್ಟಿದೆ, ಸಿ ಎಂದರೆ ಇಡೀ ಕೀಲು ಮೂಳೆಯ ಕಾಂಡದಿಂದ ಕಳಚಿಕೊಂಡಿದೆ. 33ಎ, 33ಸಿ ಎರಡನ್ನೂ ನಮ್ಮ ಚೀಟಿಗಳು ‘ತೊಡೆಮೂಳೆ ಮುರಿತ’ ಎಂದೇ ಕರೆಯುತ್ತವೆ. ಆದರೆ ಮೊದಲನೆಯದರಲ್ಲಿ ಮೂಳೆಯ ಉದ್ದ, ನೇರ, ತಿರುವು ಸರಿಹೋದರೆ ಬಹುಪಾಲು ಕೆಲಸ ಮುಗಿಯಿತು. ಎರಡನೆಯದರಲ್ಲಿ ಕೀಲಿನ ಚೂರುಗಳನ್ನು ಒಡೆದ ಬಟ್ಟಲನ್ನು ಜೋಡಿಸುವ ಹಾಗೆ ಒಂದೊಂದಾಗಿ ಕೂಡಿಸಬೇಕು. ಅದಕ್ಕೆ ಮೊದಲು ಸಿಟಿ ಸ್ಕ್ಯಾನ್ ಬೇಕು, ಪಳಗಿದ ಕೈ ಬೇಕು. ಎಲ್ಲವೂ ಸರಿಹೋದರೂ ಮಂಡಿ ಪೂರ್ತಿ ಮಡಚುವುದು ಕಷ್ಟ. ಕುಕ್ಕುರುಗಾಲಿನಲ್ಲಿ ಕೂತು ಕಳೆ ಕೀಳುವ, ನೆಲದ ಮೇಲೆ ಕೂತು ರೊಟ್ಟಿ ತಟ್ಟುವ ಹೆಂಗಸಿಗೆ ಆ ಒಂದು ಅಕ್ಷರದ ಮೇಲೆ ಮುಂದಿನ ಬದುಕು ನಿಂತಿದೆ.

ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದು ಮುರಿದುಕೊಳ್ಳುವುದೂ ಹಾಗೆಯೇ. ‘ಸೊಂಟ ಮುರಿದಿದೆ’ ಎಂದು ಮನೆಯವರು ಹೇಳುತ್ತಾರೆ, ಚೀಟಿಯೂ ಅದನ್ನೇ ಹೇಳುತ್ತದೆ. ಮುರಿದದ್ದು ತೊಡೆಮೂಳೆಯ ಕುತ್ತಿಗೆಯಾದರೆ ಅದರ ಮೇಲಿನ ಗುಂಡಿನ ಭಾಗಕ್ಕೆ ರಕ್ತ ಹರಿಯುವುದೇ ನಿಂತುಹೋಗಬಹುದು, ಎಷ್ಟೋ ಸಲ ಗುಂಡನ್ನೇ ಬದಲಿಸಬೇಕಾಗುತ್ತದೆ. ಅದಕ್ಕಿಂತ ಕೆಳಗೆ ಮುರಿದಿದ್ದರೆ ರಾಡು ಅಥವಾ ಸ್ಕ್ರೂ ಹಾಕಿ ಕೂಡಿಸಬಹುದು.

ಮುರಿತಕ್ಕೆ ಹೆಸರಿಡುವುದು ಹೊರಗಿನಿಂದ ಬಂದ ಗೀಳೆಂದು ಯಾರಾದರೂ ಹೇಳಿದರೆ ಅವರಿಗೆ ಸುಶ್ರುತನನ್ನು ನೆನಪಿಸುತ್ತೇನೆ. ಎಕ್ಸ್‌ರೇ ಕಾಣದ ಕಾಲದಲ್ಲಿ ಆತ ಮೂಳೆ ಮುರಿಯುವುದನ್ನು ಹನ್ನೆರಡು ಬಗೆಯಾಗಿ, ಕೀಲು ತಪ್ಪುವುದನ್ನು ಆರು ಬಗೆಯಾಗಿ ವಿಂಗಡಿಸಿದ. ಮುರಿದ ತುದಿ ಕುದುರೆಯ ಕಿವಿಯಂತೆ ಎದ್ದು ನಿಂತರೆ ಅಶ್ವಕರ್ಣ, ಎರಡು ಕಡೆ ತಗ್ಗಿ ನಡುವೆ ಏಡಿಯಂತೆ ಉಬ್ಬಿದರೆ ಕರ್ಕಟಕ. ಮುಟ್ಟಿದರೆ ಪುಡಿಪುಡಿ ಸದ್ದಾಗುವುದು ಚೂರ್ಣಿತ. ಕಣ್ಣು, ಕೈ, ಕಿವಿ ಬಿಟ್ಟರೆ ಬೇರೆ ಸಾಧನವಿಲ್ಲದ ವೈದ್ಯ ಹನ್ನೆರಡು ಹೆಸರು ಕೊಟ್ಟ. ಎಕ್ಸ್‌ರೇ, ಸಿಟಿ ಎರಡೂ ಇರುವ ನಾವು ಒಂದೇ ಹೆಸರಿನಲ್ಲಿ ಕೈ ತೊಳೆದುಕೊಳ್ಳುತ್ತಿದ್ದೇವೆ.

ಈಗಿನ ಪದ್ಧತಿಯ ಬೇರು ಸ್ವಿಟ್ಜರ್ಲೆಂಡಿನಲ್ಲಿದೆ. 1958ರಲ್ಲಿ ಬೀಲ್ ಎಂಬ ಊರಿನಲ್ಲಿ ಮೌರಿಸ್ ಮ್ಯೂಲರ್, ಮಾರ್ಟಿನ್ ಆಲ್‌ಗೋವರ್ ಮೊದಲಾದ ಶಸ್ತ್ರವೈದ್ಯರು ಎಒ ಎಂಬ ಗುಂಪು ಕಟ್ಟಿದರು. ಮುರಿದ ಮೂಳೆಯನ್ನು ಪ್ಲೇಟು, ಸ್ಕ್ರೂಗಳಿಂದ ಬಿಗಿದು ಕೀಲನ್ನು ಬೇಗ ಚಲಿಸುವಂತೆ ಮಾಡಬೇಕೆಂಬುದು ಅವರ ಹಟ. ಹೊಸ ವಿಧಾನವನ್ನು ಜಗತ್ತು ಸಂಶಯದಿಂದ ನೋಡುತ್ತಿದ್ದಾಗ ಅವರು ಆತುಕೊಂಡದ್ದು ದಾಖಲೆಯನ್ನು. ಪ್ರತಿ ಶಸ್ತ್ರಚಿಕಿತ್ಸೆಯನ್ನೂ ಬರೆದಿಡು, ರೋಗಿಯನ್ನು ಮತ್ತೆ ಕರೆದು ನೋಡು, ಒಳ್ಳೆಯದಾದರೂ ಕೆಟ್ಟದಾದರೂ ಬರೆ. ಮುರಿತದ ತೀವ್ರತೆಯನ್ನು ಹೇಳದ, ಚಿಕಿತ್ಸೆಗೂ ಫಲಿತಾಂಶದ ತೂಕಕ್ಕೂ ಆಧಾರವಾಗದ ವರ್ಗೀಕರಣದಿಂದ ಉಪಯೋಗವಿಲ್ಲ ಎಂಬುದು ಮ್ಯೂಲರ್ ಅವರ ನಿಲುವಾಗಿತ್ತು. ಅಮೆರಿಕದ ಮೂಳೆ ಆಘಾತ ತಜ್ಞರ ಸಂಘವೂ ಅದೇ ಚೌಕಟ್ಟನ್ನು ಒಪ್ಪಿಕೊಂಡಿತು. 2007ರಲ್ಲಿ ಎರಡೂ ಕಡೆಯ ವರ್ಗೀಕರಣಗಳು ಒಂದಾದವು, 2018ರಲ್ಲಿ ಮತ್ತೆ ಪರಿಷ್ಕರಣೆಯಾಯಿತು. ಮುಂಗೈಯ ಎರಡು ಮೂಳೆಗಳನ್ನು ಈಗ ಬೇರೆಬೇರೆಯಾಗಿ ಗುರುತಿಸಬಹುದು.

ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ರಾತ್ರಿ ಎರಡು ಗಂಟೆಗೆ ಸಂಕೇತ ಬರೆಯಿರಿ ಎಂದು ತುರ್ತು ವಿಭಾಗದ ಕಿರಿಯ ವೈದ್ಯರಿಗೆ ಹೇಳುವುದು ಅನ್ಯಾಯ. ತಂತ್ರಾಂಶ ಬೇಕಾಗುವುದು ಇಲ್ಲಿಯೇ. ಎಒ ಸಂಸ್ಥೆಯೇ ರೂಪಿಸಿದ ಸಿಒಐಎಸಿ ಎಂಬ ತಂತ್ರಾಂಶವಿದೆ. ಗಣಕದ ಪರದೆಯ ಮೇಲಿನ ಮೂಳೆಯ ಚಿತ್ರದಲ್ಲಿ ಗಾಯವನ್ನು ಗುರುತು ಮಾಡುತ್ತ ಹೋಗಿ ಸಂಕೇತಕ್ಕೆ ತಲುಪುವುದು ಅದರ ದಾರಿ. ಸ್ವೀಡನ್ನಿನವರು 2011ರಲ್ಲಿ ಗೋಥೆನ್‌ಬರ್ಗ್ ನಗರದಲ್ಲಿ ಆರಂಭಿಸಿ ದೇಶವಿಡೀ ಹರಡಿದ ಮೂಳೆ ಮುರಿತದ ನೋಂದಣಿಯಲ್ಲಿ ರೋಗಿಯನ್ನು ನೋಡುವ ವೈದ್ಯರೇ ಮುರಿತವನ್ನು ವರ್ಗೀಕರಿಸಿ ದಾಖಲಿಸುತ್ತಾರೆ. ನನಗೆ ಅಲ್ಲಿ ಮೆಚ್ಚುಗೆಯಾದದ್ದು ಎರಡು ಸಂಗತಿ. ಶಸ್ತ್ರಚಿಕಿತ್ಸೆಯಾದವರನ್ನಷ್ಟೇ ಅಲ್ಲ, ಬರಿಯ ಪ್ಲಾಸ್ಟರ್ ಹಾಕಿ ಕಳಿಸಿದವರನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಮತ್ತು ಒಂದು ವರ್ಷದ ಮೇಲೆ ರೋಗಿಯನ್ನೇ ಕೇಳುತ್ತದೆ: ಈಗ ಹೇಗಿದ್ದೀರಿ, ಏನು ಮಾಡಲು ಆಗುತ್ತದೆ, ಏನು ಆಗುವುದಿಲ್ಲ?

ಈಗ ನಮ್ಮ ಆಸ್ಪತ್ರೆಯ ಗಣಕಕ್ಕೆ ಬನ್ನಿ. ಅದರಲ್ಲಿ ರೋಗದ ಹೆಸರು ಆರಿಸಲು ಅಂತರರಾಷ್ಟ್ರೀಯ ರೋಗ ಸಂಕೇತಗಳ ಉದ್ದನೆಯ ಪಟ್ಟಿ ಇದೆ. ತೊಡೆಮೂಳೆ ಎಂದು ಹುಡುಕಿದರೆ ಸಿಗುವುದರಲ್ಲಿ ಎಸ್72.9 ಒಂದು: ತೊಡೆಮೂಳೆ ಮುರಿತ, ಭಾಗ ನಿರ್ದಿಷ್ಟವಿಲ್ಲ. ಹಿಂದೆ ಇಪ್ಪತ್ತು ಜನ ಸಾಲಿನಲ್ಲಿ ನಿಂತಿರುವಾಗ ದಾಖಲೆ ನಮೂದಿಸುವ ಹುಡುಗ ಅದನ್ನೇ ಒತ್ತುತ್ತಾನೆ. ಅವನ ತಪ್ಪಿಲ್ಲ. ನನ್ನ ಕೇಸ್ ಶೀಟಿನಲ್ಲಿ ಅವನಿಗೆ ಓದಲು ಸಿಕ್ಕಿದ್ದೇ ಅಷ್ಟು. ಕಷ್ಟಪಟ್ಟು ‘ಕೆಳತುದಿ’ ಎಂಬ ಎಸ್72.4 ಆರಿಸಿದರೂ ಅಲ್ಲಿಗೆ ದಾರಿ ಮುಗಿಯಿತು. ಕೀಲು ಉಳಿದಿದೆಯೇ, ಒಡೆದಿದೆಯೇ ಎಂದು ಕೇಳುವ ಜಾಗ ಅದರಲ್ಲಿಲ್ಲ. ಆ ಪಟ್ಟಿ ಸಾವು, ಕಾಯಿಲೆಗಳ ಲೆಕ್ಕಕ್ಕೆ ಹುಟ್ಟಿದ್ದು. ಮೂಳೆ ಕೂಡಿಸುವವರ ಕೆಲಸಕ್ಕೆ ಅದರ ಮೇಲೊಂದು ಪದರ ಬೇಕು.

ಆ ಪದರ ಹೇಗಿರಬೇಕೆಂದು ನನಗೆ ಅನ್ನಿಸಿದ್ದನ್ನು ಬಿಚ್ಚಿ ಹೇಳುತ್ತೇನೆ. ತಂತ್ರಾಂಶ ಸಂಕೇತವನ್ನು ಕೇಳಬಾರದು, ಪ್ರಶ್ನೆ ಕೇಳಬೇಕು. ಯಾವ ಮೂಳೆ? ಚಿತ್ರದ ಮೇಲೆ ಬೆರಳಿಟ್ಟರೆ ಸಾಕು. ತುದಿಯೋ ನಡುಭಾಗವೋ? ಇದಕ್ಕೊಂದು ಸರಳ ಉಪಾಯ ಪದ್ಧತಿಯಲ್ಲೇ ಇದೆ: ಕೀಲಿನ ಬಳಿ ಮೂಳೆ ಎಷ್ಟು ಅಗಲವೋ ಅಷ್ಟೇ ಉದ್ದದ ಚೌಕ ಎಳೆಯುವುದು, ಮುರಿತದ ನಡುಬಿಂದು ಚೌಕದೊಳಗೆ ಬಿದ್ದರೆ ಅದು ತುದಿ. ಎಕ್ಸ್‌ರೇಯ ಮೇಲೆ ಆ ಚೌಕವನ್ನು ಗಣಕ ಎಳೆದು ತೋರಿಸಬಹುದು. ಬಿರುಕು ಕೀಲಿನೊಳಕ್ಕೆ ಹೋಗಿದೆಯೇ? ಹೌದಾದರೆ, ಕೀಲಿನ ಯಾವುದಾದರೂ ಭಾಗ ಕಾಂಡಕ್ಕೆ ಇನ್ನೂ ಅಂಟಿಕೊಂಡಿದೆಯೇ? ನಾಲ್ಕು ಪ್ರಶ್ನೆಗೆ ಉತ್ತರ ಕೊಟ್ಟರೆ 33ಸಿ ತಾನಾಗಿ ಮೂಡುತ್ತದೆ. ಮಕ್ಕಳ ಮೂಳೆಯಲ್ಲಿ ಬೆಳೆಯುವ ಪಟ್ಟಿ ಇರುವುದರಿಂದ ಅವರಿಗೆ ಬೇರೆಯೇ ಪ್ರಶ್ನೆಗಳು ಬೇಕು. ವಯಸ್ಸು ನೋಡಿ ತಂತ್ರಾಂಶವೇ ದಾರಿ ಬದಲಿಸಬೇಕು.

ಅಲ್ಲಿಗೆ ನಿಲ್ಲಿಸಿ. ಒಂದೇ ಎಕ್ಸ್‌ರೇಯನ್ನು ಇಬ್ಬರು ಅನುಭವಿಗಳು ನೋಡಿದರೆ ಮೂಳೆ, ಜಾಗ, ಎ-ಬಿ-ಸಿ ಎಂಬ ಮಟ್ಟದವರೆಗೆ ಸಾಮಾನ್ಯವಾಗಿ ಒಮ್ಮತ ಚೆನ್ನಾಗಿರುತ್ತದೆ. ಅದಕ್ಕಿಂತ ಕೆಳಗಿನ ಗುಂಪು, ಉಪಗುಂಪುಗಳಿಗೆ ಇಳಿದಂತೆ ಭಿನ್ನಾಭಿಪ್ರಾಯ ಹೆಚ್ಚುತ್ತದೆ. ಎಲ್ಲವನ್ನೂ ಕಡ್ಡಾಯ ಮಾಡಿದರೆ ವೈದ್ಯರು ಮನಸ್ಸಿಗೆ ಬಂದದ್ದನ್ನು ಒತ್ತಿ ಮುಂದೆ ಹೋಗುತ್ತಾರೆ, ತಪ್ಪು ದಾಖಲೆ ಖಾಲಿ ದಾಖಲೆಗಿಂತ ಅಪಾಯ. ಮೊದಲ ದಿನ ಮೂಳೆ, ಜಾಗ, ಅಕ್ಷರ ಈ ಮೂರು ಉತ್ತರ ಕಡ್ಡಾಯ, ‘ಖಚಿತವಿಲ್ಲ’ ಎಂಬ ಆಯ್ಕೆಗೂ ಜಾಗವಿರಲಿ. ಶಸ್ತ್ರಚಿಕಿತ್ಸೆಯಲ್ಲಿ ಮೂಳೆಯನ್ನು ಕಣ್ಣಾರೆ ಕಂಡ ಮೇಲೆ ತಿದ್ದಲು ಅವಕಾಶವಿರಲಿ. ಆದರೆ ಹಳೆಯ ಉತ್ತರ ಅಳಿಸಿಹೋಗದಿರಲಿ.

ಮೂಳೆಗಿಂತ ಮೊದಲು ಬರೆಯಬೇಕಾದ ಒಂದು ಸಾಲು ಇದೆ, ಅದನ್ನು ಮರೆತ ತಂತ್ರಾಂಶ ನನಗೆ ಬೇಡ. ಎರಡು ವರ್ಷದ ಹಿಂದೆ ಸೀಬೆ ಮರದಿಂದ ಬಿದ್ದ ಆರು ವರ್ಷದ ಹುಡುಗನನ್ನು ಸಂಜೆ ಆಂಬುಲೆನ್ಸಿನಲ್ಲಿ ಕಳಿಸಿದ್ದರು. ಮೊಣಕೈ ಮೇಲೆ ಬಿಗಿಯಾದ ಪ್ಲಾಸ್ಟರ್ ಸ್ಲ್ಯಾಬ್ ಇತ್ತು, ಚೀಟಿಯಲ್ಲಿ ‘ಮೊಣಕೈ ಮುರಿತ’ ಎಂದಿತ್ತು. ಬೆರಳು ತಣ್ಣಗಿದ್ದವು, ಮಣಿಕಟ್ಟಿನಲ್ಲಿ ನಾಡಿ ಸಿಗಲಿಲ್ಲ. ಬಿದ್ದಾಗಲೇ ನಾಡಿ ನಿಂತಿತ್ತೇ ಅಥವಾ ಪಟ್ಟಿ ಕಟ್ಟಿದ ಮೇಲೆ ನಿಂತಿತೇ? ಎಷ್ಟು ಹೊತ್ತಾಯಿತು? ತಾಯಿಗೆ ಗೊತ್ತಿರಲಿಲ್ಲ, ಕಾಗದಕ್ಕೂ ಗೊತ್ತಿರಲಿಲ್ಲ. ಪಟ್ಟಿ ಸಡಿಲಿಸಿ ಮೊಣಕೈಯನ್ನು ಸ್ವಲ್ಪ ನೀಡಿದಾಗ ಬೆರಳ ತುದಿಗೆ ಕೆಂಪು ಬಂತು, ಆಮೇಲೆ ನಾಡಿ ಹತ್ತಿತು. ಅದೇ ರಾತ್ರಿ ಎರಡು ತಂತಿ ಹಾಕಿ ಕೂಡಿಸಿದೆವು. ಕೈ ಉಳಿಯಿತು. ಉಳಿಯದಿದ್ದರೆ ಎಂದು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಾಡಿ ಇದೆಯೇ, ಬೆರಳು ಆಡುತ್ತವೆಯೇ, ಸ್ಪರ್ಶ ತಿಳಿಯುತ್ತದೆಯೇ ಎಂಬ ಮೂರು ಉತ್ತರಗಳಿಗೆ ಪರೀಕ್ಷಿಸಿದ ಗಂಟೆಯೂ ಸೇರಿ ದಾಖಲಾಗದ ಹೊರತು ರೋಗಿಯನ್ನು ಬೇರೆಡೆಗೆ ಕಳಿಸುವ ಪತ್ರ ಮುದ್ರಣವಾಗಬಾರದು.

ಚರ್ಮ ಹರಿದು ಮೂಳೆ ಹೊರಗೆ ಕಂಡ ಗಾಯಗಳದು ಇನ್ನೊಂದು ಕತೆ. ಅವುಗಳನ್ನು ನಾವು ಗಸ್ಟಿಲೊ ಮತ್ತು ಆಂಡರ್ಸನ್ 1976ರಲ್ಲಿ ಕೊಟ್ಟ ಮೂರು ದರ್ಜೆಗಳಲ್ಲಿ ಬರೆಯುತ್ತೇವೆ. ಆದರೆ ಮೂರನೆಯ ದರ್ಜೆಯೊಳಗಿನ ಬಿ ಎಂಬ ಉಪದರ್ಜೆಯ ಒಂದೇ ಚೀಲದಲ್ಲಿ ಉಳಿಸಬಹುದಾದ ಕಾಲೂ ಇರುತ್ತದೆ, ಉಳಿಸಲಾಗದ ಕಾಲೂ ಇರುತ್ತದೆ. ಈ ತೊಡಕನ್ನು ಬಿಡಿಸಲು ದಾರಿ ಹುಡುಕಿದವರು ನಮ್ಮ ನೆರೆಯವರೇ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ ಮತ್ತು ಸಂಗಡಿಗರು ಚರ್ಮ, ಮೂಳೆ, ಮಾಂಸಖಂಡಗಳ ಹಾನಿಗೆ ಬೇರೆಬೇರೆ ಅಂಕ ಕೊಟ್ಟು, ಗಾಯಾಳುವಿನ ಉಳಿದ ತೊಂದರೆಗಳನ್ನೂ ಸೇರಿಸಿ ಕೂಡುವ ಕ್ರಮವನ್ನು ರೂಪಿಸಿದರು. ಒಟ್ಟು 14ರವರೆಗೆ ಬಂದರೆ ಕಾಲು ಉಳಿಸಲು ಹೊರಡಬಹುದು, 17 ಮತ್ತು ಅದಕ್ಕೆ ಮೇಲ್ಪಟ್ಟರೆ ತೆಗೆಯುವುದನ್ನು ಯೋಚಿಸಬೇಕು, ನಡುವಿನದು ಅನುಭವಿಗಳು ಕೂತು ತೀರ್ಮಾನಿಸಬೇಕಾದದ್ದು. ಗದ್ದೆಯ ಕೆಸರು ಮೆತ್ತಿದ, ಟ್ರ್ಯಾಕ್ಟರಿಗೆ ಸಿಕ್ಕ ಕಾಲುಗಳನ್ನು ನೋಡುವ ನಮಗೆ ಇದು ಬಹಳ ಹತ್ತಿರದ ಅಳತೆ. ಇದು ನಮ್ಮ ಪುಟದಲ್ಲಿ ಇರಲೇಬೇಕು. ಪಕ್ಕದಲ್ಲೇ, ಮೊದಲ ಆ್ಯಂಟಿಬಯೋಟಿಕ್ ಸೂಜಿ ಕೊಟ್ಟ ಗಂಟೆ, ನಿಮಿಷ.

ಫಲಿತಾಂಶದ ಪ್ರಶ್ನೆಗಳನ್ನು ಮಾತ್ರ ದಯವಿಟ್ಟು ಹೊರಗಿನಿಂದ ಹಾಗೆಯೇ ಇಳಿಸಬೇಡಿ. ಕುರ್ಚಿಯಿಂದ ಏಳಲು ಕಷ್ಟವೇ ಎಂದು ಕೇಳುವ ಪಟ್ಟಿಗಳು ನಮ್ಮ ರೋಗಿಗಳ ಬದುಕನ್ನು ಪೂರ್ತಿ ಮುಟ್ಟುವುದಿಲ್ಲ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಲು ಆಗುತ್ತದೆಯೇ, ಬಯಲಿಗೆ ಹೋದರೆ ಕುಕ್ಕುರು ಕೂತು ಏಳಲು ಆಗುತ್ತದೆಯೇ, ಕೊಡ ಹೊರಲು, ಮರ ಹತ್ತಲು, ನಾಟಿ ಮಾಡಲು ಆಗುತ್ತದೆಯೇ ಎಂದು ಕನ್ನಡದಲ್ಲಿ ಕೇಳಬೇಕು. ಮಲೆನಾಡಿನಲ್ಲಿ ಅಡಿಕೆ ಕೊಯ್ಲಿಗೆ ಮರ ಹತ್ತುವವನಿಗೆ ಪಾದದ ಕೀಲು ಎಷ್ಟು ಬಾಗುತ್ತದೆ ಎಂಬುದರ ಮೇಲೆ ಕೂಲಿ ನಿಂತಿದೆ. ಆಶಾ ಕಾರ್ಯಕರ್ತೆಯರು ಫೋನಿನಲ್ಲೇ ಕೇಳಿ ತುಂಬಬಹುದಾದ ಎಂಟು ಹತ್ತು ಪ್ರಶ್ನೆ ಸಾಕು. ಅದಕ್ಕೆ ಅವರಿಗೆ ಸಂಭಾವನೆ ಕೊಡಬೇಕು, ಪುಕ್ಕಟೆ ಕೆಲಸವಾಗಿ ಹೇರಬಾರದು.

‘ಈಗ ಎಕ್ಸ್‌ರೇ ನೋಡಿ ಮುರಿತ ಹಿಡಿಯುವ ಕೃತಕ ಬುದ್ಧಿಮತ್ತೆಯೇ ಬಂದಿದೆಯಲ್ಲ?’ ಎಂದು ಕಿರಿಯ ಸಹೋದ್ಯೋಗಿಗಳು ಕೇಳುತ್ತಾರೆ. ಬಂದಿದೆ. ಮಣಿಕಟ್ಟಿನ ಮುರಿತ ಗುರುತಿಸುವ ಅಂಥ ಒಂದು ತಂತ್ರಾಂಶಕ್ಕೆ ಅಮೆರಿಕದ ನಿಯಂತ್ರಣ ಸಂಸ್ಥೆ 2018ರಲ್ಲೇ ಅನುಮತಿ ಕೊಟ್ಟಿತು. ರಾತ್ರಿ ಪಾಳಿಯಲ್ಲಿ ತಜ್ಞರಿಲ್ಲದ ಕಡೆ ಅದು ಆಸರೆಯಾದರೆ ಸಂತೋಷ. ಆದರೆ ಬಿರುಕು ಇದೆ ಎಂದು ಹೇಳುವುದು ಬೇರೆ, ಬಿರುಕಿನ ಸ್ವರೂಪವನ್ನು ಬರೆದು ವರ್ಷಗಟ್ಟಲೆ ಜೊತೆಗೆ ಕಳಿಸುವುದು ಬೇರೆ. ಯಂತ್ರಕ್ಕೆ ಕಲಿಸಲು ಬೇಕಾಗುವುದೂ ಸರಿಯಾಗಿ ಹೆಸರಿಟ್ಟ ಸಾವಿರಾರು ಎಕ್ಸ್‌ರೇಗಳೇ. ನಮ್ಮ ಎಕ್ಸ್‌ರೇಗಳು ಈಗ ಎಲ್ಲಿವೆ? ಟ್ಯೂಬ್‌ಲೈಟಿಗೆ ಹಿಡಿದು ಮೊಬೈಲಿನಲ್ಲಿ ತೆಗೆದ ಚಿತ್ರಗಳಾಗಿ ವೈದ್ಯರ ವಾಟ್ಸ್ಆ್ಯಪ್ ಗುಂಪುಗಳಲ್ಲಿವೆ. ರೋಗಿಯ ಹೆಸರು, ವಯಸ್ಸು ಮೂಲೆಯಲ್ಲಿ ಹಾಗೆಯೇ ಕಾಣುತ್ತಿರುತ್ತದೆ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದ ಮೇಲೂ ನಾವು ಹೀಗೆ ಮುಂದುವರಿಯುವುದು ಸರಿಯಲ್ಲ.

ಇದಕ್ಕೆ ಬೇಕಾದ ಬುನಾದಿಯನ್ನು ಸರ್ಕಾರಗಳು ಆಗಲೇ ಹಾಕಿವೆ. ಒಬ್ಬರ ಆರೋಗ್ಯ ದಾಖಲೆಗಳನ್ನು ಒಂದಕ್ಕೊಂದು ಜೋಡಿಸುವ 14 ಅಂಕಿಯ ಆಭಾ ಸಂಖ್ಯೆ ಇದೆ. ವೈದ್ಯಕೀಯ ಪದಗಳನ್ನು ಗಣಕಕ್ಕೆ ತಿಳಿಯುವಂತೆ ಬರೆಯುವ ಸ್ನೋಮೆಡ್ ಸಿಟಿ ಪದಕೋಶಕ್ಕೆ ಭಾರತ ಸದಸ್ಯ ರಾಷ್ಟ್ರವಾದ್ದರಿಂದ ದೇಶದೊಳಗೆ ಅದನ್ನು ಶುಲ್ಕವಿಲ್ಲದೆ ಬಳಸಬಹುದು. ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಯ ಹೊಣೆ ಹೊರುವ ಹರೀಶ್ ಸಾಂತ್ವನ ಯೋಜನೆಯನ್ನು 2016ರಲ್ಲೇ ತಂದ ರಾಜ್ಯ ನಮ್ಮದು. ಆ 48 ಗಂಟೆಗಳಲ್ಲಿ ದುಡ್ಡು ಗಾಯಾಳುವಿನ ಜೊತೆ ಹೋಗುವಂತೆ ಮಾಡಿದಿರಿ, ವಿವರವೂ ಜೊತೆಗೆ ಹೋಗಲಿ. ಬಿಲ್ಲು ಮಂಜೂರಾಗಲು ತುಂಬಬೇಕಾದ ಪುಟದಲ್ಲೇ ಈ ಉತ್ತರಗಳನ್ನು ಸೇರಿಸಿದರೆ ಯಾರೂ ತಪ್ಪಿಸುವುದಿಲ್ಲ.

ಒಮ್ಮೆಲೇ ರಾಜ್ಯಕ್ಕೆಲ್ಲ ಬೇಡ. ಹಳೆ ಮೈಸೂರಿನ ಕಡೆ ಒಂದು, ಮಲೆನಾಡಿನಲ್ಲಿ ಒಂದು, ಕಲ್ಯಾಣ ಕರ್ನಾಟಕದಲ್ಲಿ ಒಂದು, ಹೀಗೆ ಮೂರು ಜಿಲ್ಲೆಗಳ ಜಿಲ್ಲಾಸ್ಪತ್ರೆ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಆರು ತಿಂಗಳು ನಡೆಸಿ ನೋಡಿ. ರೂಪಿಸುವ ಸಮಿತಿಯಲ್ಲಿ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರ ಜೊತೆಗೆ ತಾಲ್ಲೂಕು ಆಸ್ಪತ್ರೆಯ ಒಬ್ಬ ವೈದ್ಯ, ಒಬ್ಬ ಎಕ್ಸ್‌ರೇ ತಂತ್ರಜ್ಞ, ಒಬ್ಬ ಶುಶ್ರೂಷಾಧಿಕಾರಿ, ದಾಖಲೆ ನಮೂದಿಸುವ ಒಬ್ಬ ಹುಡುಗ ಇರಲಿ. ಮುರಿತಗಳ ನಿಜವಾದ ಲೆಕ್ಕ ಕೈಯಲ್ಲಿದ್ದರೆ ಯಾವ ಜಿಲ್ಲೆಗೆ ಯಾವ ರಾಡು, ಯಾವ ಪ್ಲೇಟು ಎಷ್ಟು ಖರೀದಿಸಬೇಕೆಂಬುದೂ ಅಂದಾಜಿನ ಮೇಲೆ ನಡೆಯುವುದಿಲ್ಲ. ಮತ್ತು ಬಿಡುಗಡೆ ಚೀಟಿಯ ಕೊನೆಯಲ್ಲಿ ರೋಗಿಗೆಂದೇ ನಾಲ್ಕು ಸಾಲು ಕನ್ನಡದಲ್ಲಿ ಮುದ್ರಣವಾಗಲಿ: ನಿಮ್ಮ ಯಾವ ಮೂಳೆ ಎಲ್ಲಿ ಮುರಿದಿತ್ತು, ಏನು ಹಾಕಿದ್ದೇವೆ, ಅದರ ಕಂಪನಿ ಮತ್ತು ಅಳತೆ ಏನು, ಮತ್ತೆ ಯಾವಾಗ ಬರಬೇಕು.

2014ರಿಂದ ನಾನು ನೋಡಿದ ಪ್ರತಿ ಮುರಿತವನ್ನೂ ಉದ್ದ ಗೆರೆಯ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಚಿತ್ರ ಬರೆದು, ಪಕ್ಕದಲ್ಲಿ ಸಂಕೇತ ಹಾಕಿ ಇಟ್ಟುಕೊಂಡಿದ್ದೇನೆ. ಹನ್ನೊಂದು ಪುಸ್ತಕಗಳಾಗಿವೆ. ಆ ತಾಯಿಯ ಮೊಣಕಾಲು ಹತ್ತನೆಯದರಲ್ಲಿದೆ. ತೆಗೆದ ಪ್ಲೇಟಿನ ಮೇಲಿದ್ದ ಅಂಕಿಗಳನ್ನೂ ಅಲ್ಲಿಯೇ ಬರೆದಿದ್ದೇನೆ. ನೀವು ಸಭೆ ಕರೆದರೆ ಪುಸ್ತಕಗಳನ್ನೆಲ್ಲ ತೆಗೆದುಕೊಂಡು ಬರುತ್ತೇನೆ. ಪರದೆಯ ಮೇಲೆ ಯಾವ ಪ್ರಶ್ನೆ ಮೊದಲು ಬರಬೇಕು, ಯಾವುದು ಆಮೇಲೆ ಎಂಬುದನ್ನು ಅವುಗಳ ಪುಟ ತಿರುವುತ್ತಲೇ ಕೂತು ತೀರ್ಮಾನಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ತಾಲ್ಲೂಕು ಆಸ್ಪತ್ರೆಯೊಂದರ ಮೂಳೆ ತಜ್ಞ